ಆಯುಧಪೂಜೆಗೆ ನೀವು ಏನೇನು ಇಟ್ಟಿದ್ದೀರಿ? ನಿಮ್ಮ ಕೆಲಸದ ಜಾಗದ ಕಥೆ ಹೇಳಿ

ಪೀಣ್ಯದ ಹಳೇ ಕೈ

ಎಲ್ಲರಿಗೂ ನಮಸ್ಕಾರ. ನವರಾತ್ರಿ ಬಂತು ಅಂದರೆ ನನಗೆ ಮೊದಲು ನೆನಪಾಗುವುದು ಸೀಮೆಎಣ್ಣೆ ವಾಸನೆ. 1980ರ ದಶಕದ ಕೊನೆಯಲ್ಲಿ ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿ, ಅಂದರೆ ಲೇತ್ ಮೆಷಿನ್ನಿನಲ್ಲಿ ಲೋಹ ಕಡೆಯುವವನಾಗಿ ಸೇರಿದ್ದೆ. ಐಟಿಐ ಮುಗಿಸಿ ಬಂದ ಹೊಸ ಹುಡುಗ. ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನಕ್ಕೇ ಲೇತ್‌ಗಳೆಲ್ಲ ನಿಲ್ಲುತ್ತಿದ್ದವು. ಕಾಟನ್ ವೇಸ್ಟ್ ಸೀಮೆಎಣ್ಣೆಯಲ್ಲಿ ಅದ್ದಿ ಮೆಷಿನ್ ಒರೆಸುವುದೇ ಕೆಲಸ. ವರ್ಷವಿಡೀ ಲೋಹ ತಣ್ಣಗಿಡುವ ಕೂಲೆಂಟ್ ಕುಡಿದು ಕಪ್ಪಾಗಿದ್ದ ಮೆಷಿನ್ ಬೆಡ್ಡಿನ ಅಡಿಯಿಂದ ಕಬ್ಬಿಣದ ಸುರುಳಿಗಳನ್ನು ಕೊಕ್ಕೆಯಲ್ಲಿ ಎಳೆದು ತೆಗೆಯುತ್ತಿದ್ದೆವು. ಸಂಜೆ ಹೊತ್ತಿಗೆ ಮೆಷಿನ್ನಿನ ನಿಜವಾದ ಬಣ್ಣ ಹಸಿರು ಅಂತ ಗೊತ್ತಾಗುತ್ತಿತ್ತು!

ನಮ್ಮ ಫೋರ್ಮನ್ ಬಹಳ ಶಿಸ್ತಿನ ಮನುಷ್ಯ. ಅವರದೊಂದು ನಿಯಮ. ಪೂಜೆಗೆ ಇಟ್ಟದ್ದನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟಕೂಡದು. ಸೂಕ್ಷ್ಮ ಅಳತೆಯ ವರ್ನಿಯರ್, ಮೈಕ್ರೋಮೀಟರ್, ಜೊತೆಗೆ ಸ್ಪ್ಯಾನರ್ ಎಲ್ಲ ಬಿಳಿ ಬಟ್ಟೆ ಮೇಲೆ ಸಾಲಾಗಿ ಕೂರುತ್ತಿದ್ದವು. ಒಂದು ವರ್ಷ ನಾವು ಮೂವರು ಹುಡುಗರು ಅವರ ಓದುವ ಕನ್ನಡಕವನ್ನು ಆ ಸಾಲಿನ ಕೊನೆಗೆ ಇಟ್ಟುಬಿಟ್ಟೆವು. ಎರಡೂ ಗಾಜಿಗೆ ಗಂಧ, ಕುಂಕುಮ, ಮೇಲೊಂದು ಸೇವಂತಿಗೆ. ಮಂಗಳಾರತಿ ಆದ ಮೇಲೆ ಅವರ ಕಣ್ಣಿಗೆ ಬಿತ್ತು. ಕೈ ಮುಂದೆ ಹೋಯಿತು, ಅಲ್ಲೇ ನಿಂತಿತು. "ಮುಟ್ಟಬೇಡಿ ಅಂತ ನಾನೇ ಹೇಳಿದ್ದು" ಅಂದು ನಗುತ್ತಾ ಹಿಂದೆ ಸರಿದರು.

ಆಮೇಲೆ ಬೋನಸ್ ಕವರ್ ಹಂಚಬೇಕು. ಮೇಲಿನ ಹೆಸರು ಓದಲು ಅವರಿಗೆ ಆಗುತ್ತಿಲ್ಲ. ಇಡೀ ಕಟ್ಟನ್ನು ನಮ್ಮ ಕೈಗೇ ಕೊಟ್ಟು, "ನಿಮ್ಮ ನಿಮ್ಮದು ನೀವೇ ಹುಡುಕ್ಕೊಳ್ಳಿ" ಅಂದರು. ಆ ನಂಬಿಕೆಗೆ ನಾವು ಮೂವರೂ ಕರಗಿಹೋದೆವು. ಮರುವರ್ಷ ಅವರೇ ಹಳೇ ಕನ್ನಡಕ ತಂದು ಸಾಲಿನಲ್ಲಿ ಇಟ್ಟರು. ಜೇಬಿನಲ್ಲಿ ಇನ್ನೊಂದು ಹೊಸದು. "ಒಂದು ದೇವರಿಗೆ, ಒಂದು ನನಗೆ."

ನಿಮ್ಮಲ್ಲಿ ಪೂಜೆಗೆ ಏನು ಇಡುತ್ತಿದ್ದರು? ಸಾಮಾನು ತರಲು ಹೋದ ಕಥೆ, ರಜೆಗೆ ಊರಿಗೆ ಹೋದ ರಶ್ಶು, ಆಫೀಸಿನ ತುಂಟಾಟ, ಯಾವುದಾದರೂ ಸರಿ. ಬರೆಯಿರಿ.

ಗವಿಪುರದ ಸೊಸೆ

ಸರ್, ಓದಿ ಮನಸ್ಸು ಹಗುರವಾಯಿತು. ನಾನು ಸಾಮಾನು ತರುವ ಕಥೆ ಹೇಳುತ್ತೇನೆ. ಮದುವೆಯಾದ ವರ್ಷ ಅತ್ತೆ ನನ್ನನ್ನು ಬೆಳಗಿನ ಜಾವ ಐದಕ್ಕೇ ಎಬ್ಬಿಸಿ ಕೆ.ಆರ್. ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಅವರ ಬಾಯಲ್ಲಿ ಅದು ಸಿಟಿ ಮಾರ್ಕೆಟ್. ಆ ಹಳೇ ಕಟ್ಟಡದ ಒಳಗೆ ಹಬ್ಬದ ಹಿಂದಿನ ದಿನ ಕಾಲಿಡಲೂ ಜಾಗ ಇರುವುದಿಲ್ಲ. ನೆಲದ ಮೇಲೆ ಹಳದಿ, ಬಿಳಿ ಸೇವಂತಿಗೆಯ ರಾಶಿ. ಚೆಂಡುಹೂವಿನ ಮೂಟೆ ಹೊತ್ತವರು "ದಾರಿ ಬಿಡಿ, ದಾರಿ ಬಿಡಿ" ಅಂತ ಕೂಗುತ್ತಾ ಓಡುತ್ತಾರೆ. ಹೊರಗೆ ಬೂದುಗುಂಬಳದ ಗುಡ್ಡ. ಆಚೆ ಬಾಳೆಕಂದು, ಮಾವಿನ ಸೊಪ್ಪು.

ಅತ್ತೆ ಹೂ ಕೊಳ್ಳುವ ರೀತಿ ನೋಡಬೇಕಿತ್ತು. ಸಾಲಾಗಿ ಕೂತ ಹೂವಿನವರನ್ನೆಲ್ಲ ಸುಮ್ನೆ ನೋಡಿಕೊಂಡು ಮುಂದೆ ಹೋದರು. ಬೆಲೆ ಕೇಳಲೇ ಇಲ್ಲ. ಕೊನೆಗೆ ಒಬ್ಬ ಎತ್ತರದ ಅಜ್ಜನ ಮುಂದೆ ನಿಂತರು. ಹತ್ತು ಮೊಳ ಕನಕಾಂಬರ ಅಳೆಸಿಕೊಂಡರು. ಅವರು ಮೊಣಕೈಯಿಂದ ಬೆರಳ ತುದಿಯವರೆಗೆ ದಾರ ಎಳೆದು ಎಳೆದು ಅಳೆದರು. ಈಚೆ ಬಂದ ಮೇಲೆ ಅತ್ತೆ ನನ್ನ ಕಿವಿಯಲ್ಲಿ, "ಮೊಳ ಅಂದ್ರೆ ಮಾರೋರ ಕೈ ಅಲ್ವಾ? ಉದ್ದ ಕೈ ನೋಡಿ ತಗೋಬೇಕು" ಅಂದರು.

ಮನೆಯಲ್ಲಿ ಅವರ ಮೊಳದಲ್ಲಿ ಅಳೆದಾಗ ಹನ್ನೆರಡೂವರೆ ಬಂತು. ಆ ಎರಡೂವರೆ ಮೊಳ ನನ್ನ ಜಡೆಗೆ ಬಂತು. ಈಗ ಅತ್ತೆ ಇಲ್ಲ. ನಾನೂ ಹೂ ಕೊಳ್ಳುವಾಗ ಮೊದಲು ಕೈ ನೋಡುತ್ತೇನೆ.

ಲೆಕ್ಕದ ವೈರಿ

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಸರಸ್ವತಿ ಪೂಜೆಗೆ ಗಣಿತದ ಪುಸ್ತಕ, ನೋಟ್ಸು, ಕಂಪಾಸ್ ಪೆಟ್ಟಿಗೆ ಎಲ್ಲ ಇಟ್ಟಿದ್ದೆ. ನಮ್ಮನೆಯಲ್ಲಿ ಮೂಲಾ ನಕ್ಷತ್ರದ ದಿನ ಇಟ್ಟರೆ ತೆಗೆಯುವುದು ವಿಜಯದಶಮಿಗೆ. ಅಷ್ಟೂ ದಿನ ಆಟ. ಅಕ್ಕ ಕನ್ನಡ ಪುಸ್ತಕ ಇಟ್ಟಳು. ಅವಳಿಗೆ ಆ ಪುಸ್ತಕ ಅಂದರೆ ಪ್ರಾಣ, ಅದಕ್ಕೇ ಇಟ್ಟಳು. ಅಜ್ಜಿ ಇಬ್ಬರಿಗೂ ಒಂದೇ ಸಮ ಸಜ್ಜಿಗೆ ಕೊಟ್ಟರು.

ಧಾರವಾಡದಾಂವ

ನಮ್ಮ ಕಡೆ ಇದಕ್ಕ ಖಂಡೇಪೂಜೆ ಅಂತೀವ್ರಿ. ನಾನು ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದೆ. ನನ್ನ ಖಂಡೆ ಅಂದರೆ ಟೈಪ್‌ರೈಟರ್. ಕನ್ನಡದ ಕೀಲಿಗಳ ನಡುವೆ ಕೂತ ಧೂಳನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಹೊಸ ರಿಬ್ಬನ್ ಹಾಕಿ, ಚೆಂಡುಹೂವಿನ ಮಾಲೆ ಏರಿಸುತ್ತಿದ್ದೆ.

ಆದರೆ ನಮ್ಮಲ್ಲಿ ನಿಜವಾದ ಸಂಭ್ರಮ ಬನ್ನಿಯದು. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧ ಬಚ್ಚಿಟ್ಟದ್ದು ಬನ್ನಿ ಮರದಲ್ಲಿ ಅಲ್ಲೇನ್ರಿ? ದಶಮಿಯ ಸಂಜೆ ಬನ್ನಿ ಮುಡಿದು ಮನೆಮನೆಗೆ ಹೋಗುವುದು. ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ನಮಸ್ಕಾರ. "ಬನ್ನಿ ತಗೊಂಡು ಬಂಗಾರದಂಗ ಇರೋಣ." ವರ್ಷವಿಡೀ ಮಾತು ಬಿಟ್ಟವರೂ ಆ ದಿನ ಮಾತಾಡಬೇಕು.

ಒಮ್ಮೆ ರಜೆ ಮುಗಿಸಿ ಕಚೇರಿ ತೆರೆದ ದಿನ ನಾವು ನಾಲ್ಕು ಮಂದಿ ಬೇಗ ಬಂದು ಸಾಹೇಬರ ಮೇಜಿನ ಖಾನೆ ತುಂಬ ಬನ್ನಿ ಎಲೆ ತುಂಬಿದೆವು. ಎಲೆಯ ನಡುವೆ ನಮ್ಮ ನಾಲ್ಕೂ ಮಂದಿಯ ರಜಾ ಅರ್ಜಿ. ದೀಪಾವಳಿ ರಜೆಗೆ ಇನ್ನೂ ಸಹಿ ಆಗಿರಲಿಲ್ಲ, ಒಂದು ತಿಂಗಳಿಂದ ಅವರಿಗೂ ನಮಗೂ ಸರಿಯಾಗಿ ಮಾತೇ ಇರಲಿಲ್ಲ. ಸಾಹೇಬರು ಖಾನೆ ಎಳೆದರು. ಎಲೆ ಎಲ್ಲ ಮಡಿಲಿಗೆ ಉದುರಿತು. ಒಂದೊಂದೇ ಅರ್ಜಿ ಹುಡುಕಿ ತೆಗೆದು, ಓದಿ, ನಾಲ್ಕಕ್ಕೂ ಸಹಿ ಹಾಕಿದರು. ಆಮೇಲೆ ಒಂದು ಹಿಡಿ ಎಲೆ ತಗೊಂಡು ತಾವೇ ನಮ್ಮ ಮೇಜಿನ ಹತ್ತಿರ ಬಂದರು. "ಬಂಗಾರದ ಬಾಕಿ ಇಟ್ಟುಕೊಳ್ಳಬಾರದ್ರಪಾ" ಅಂತ ನಮ್ಮ ಕೈಗೆ ಹಾಕಿದರು. ನಾವು ಎದ್ದು ನಿಂತು ಕಾಲಿಗೆ ಬಿದ್ದೆವು. ಆ ಮಾತು ನನಗ ಇವತ್ತಿಗೂ ಕಿವಿಯಾಗ ಐತಿ.

ಪೀಣ್ಯದ ಹಳೇ ಕೈ

ಧಾರವಾಡದ ಸರ್, ಎಂಥಾ ಸಾಹೇಬರು! ಗವಿಪುರದ ಮೇಡಂ, ನಿಮ್ಮ ಅತ್ತೆಯವರ ಲೆಕ್ಕ ನಮ್ಮ ವರ್ನಿಯರ್‌ಗಿಂತ ನಿಖರ.

ಹಂಪನಕಟ್ಟೆ ಬಟ್ಟೆ ಅಂಗಡಿ

ನಾನು ಮಂಗಳೂರಿನ ಒಂದು ಜವಳಿ ಅಂಗಡಿಯಲ್ಲಿ ಕೌಂಟರ್ ಕೆಲಸ ಮಾಡಿದವನು. ನಮ್ಮ ಆಯುಧ ಎರಡೇ. ಕಬ್ಬಿಣದ ಮೀಟರ್ ಕೋಲು, ಕತ್ತರಿ. ಆಯುಧಪೂಜೆಯ ದಿನವೂ ಸಂಜೆವರೆಗೆ ಅಂಗಡಿ ತೆರೆದಿರುತ್ತಿತ್ತು. ಕತ್ತರಿ ಪೂಜೆಯಲ್ಲಿದೆ. ಗಿರಾಕಿ ಬಂದು ಎರಡು ಮೀಟರ್ ಲಂಗದ ಬಟ್ಟೆ ಕೇಳಿದರೆ ಏನು ಮಾಡುವುದು?

ನಮ್ಮ ಧಣಿಗಳು ಅದನ್ನು ತಾವೇ ತೋರಿಸಿಕೊಟ್ಟರು. ಕೌಂಟರಿನ ಅಂಚಿಗೆ ಮೀಟರ್ ಗುರುತು ಮೊದಲೇ ಇದೆ. ಅಲ್ಲಿ ಅಳೆದು, ಬಟ್ಟೆಯ ಅಂಚಿಗೆ ಹಲ್ಲಿನಿಂದ ಒಂದು ಚಿಕ್ಕ ಕಚ್ಚು. ಆಮೇಲೆ ಎರಡು ಕೈಯಲ್ಲಿ ಹಿಡಿದು ಒಂದೇ ಎಳೆತ. ಹತ್ತಿ ಬಟ್ಟೆ ನೂಲಿನ ಜಾಡು ಹಿಡಿದು ನೇರವಾಗಿ ಹರಿಯುತ್ತದೆ, ಕತ್ತರಿಗಿಂತ ನೇರ. ಆ ಪರ್ರ್ ಅನ್ನುವ ಸದ್ದು ಕೇಳಲು ಗಿರಾಕಿಗಳ ಮಕ್ಕಳು ಕೌಂಟರಿಗೆ ಬಂದು ನಿಲ್ಲುತ್ತಿದ್ದರು. ಸಿಂಥೆಟಿಕ್ ಕೇಳಿದವರಿಗೆ ಮಾತ್ರ "ನಾಡಿದ್ದು ಬನ್ನಿ ಅಮ್ಮ."

ಅಷ್ಟರಲ್ಲಿ ದೂರದಲ್ಲಿ ತಾಸೆ ಸದ್ದು! ಹುಲಿವೇಷ ಬಂತು ಅಂದರೆ ಮುಗಿಯಿತು. ನಾವೆಲ್ಲ ಬಟ್ಟೆ ಬಿಟ್ಟು ಬಾಗಿಲಿಗೆ. ಒಮ್ಮೆ ಮರಿಹುಲಿ, ಏಳೆಂಟು ವರ್ಷದ ಹುಡುಗ, ನಮ್ಮ ಅಂಗಡಿಯೊಳಗೇ ಬಂದ. ಧಣಿಗಳು ನೆಲದ ಮೇಲೆ ನೋಟು ಇಟ್ಟರು. ಹಿಂದಕ್ಕೆ ಬಾಗಿ ಬಾಯಿಂದ ಎತ್ತಬೇಕು. ಮೂರನೇ ಸಲಕ್ಕೆ ಎತ್ತಿದ. ಮೈಗೆ ಬಳಿದ ಹಳದಿ ಪೇಂಟಿನ ವಾಸನೆ ಅಂಗಡಿ ತುಂಬ. ಹೊರಗೆ ದೊಡ್ಡ ಹುಲಿ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆದಾಗ ಇಡೀ ರಸ್ತೆ ಕೂಗಿತು. ಆ ಹತ್ತು ನಿಮಿಷ ಗಿರಾಕಿ, ಧಣಿ, ಕೆಲಸದವ ಅಂತ ಯಾರೂ ಇರುವುದಿಲ್ಲ.

ರೈಟ್ ರೈಟ್

ನಾನು ನಿವೃತ್ತ ಬಸ್ ಕಂಡಕ್ಟರ್. ಬೆಂಗಳೂರು–ಮೈಸೂರು ರೂಟ್. ಎಲ್ಲರಿಗೂ ದಸರಾ ರಜೆ ಬಂದರೆ ನಮಗೆ ದಸರಾ ಡ್ಯೂಟಿ. ಹಬ್ಬದ ಹಿಂದಿನ ಸಂಜೆ ಮೆಜೆಸ್ಟಿಕ್ಕಿನಲ್ಲಿ ಮೈಸೂರು ಬಸ್ಸು ಪ್ಲಾಟ್‌ಫಾರಮ್ಮಿಗೆ ತಿರುಗುವ ಮೊದಲೇ ಜನ ಜೊತೆಗೆ ಓಡಿ ಬರುತ್ತಿದ್ದರು. ಕಿಟಕಿಯಿಂದ ಟವೆಲ್, ಕರ್ಚೀಫು, ಚೀಲ, ಒಮ್ಮೆ ಒಂದು ಕೈಗೂಸು! ಕಿಟಕಿಯಿಂದ ಒಳಗೆ ಬಂದ ಮಗು ಸೀಟಿನಲ್ಲಿ ಕೂತು ನಗುತ್ತಿತ್ತು, ಅಪ್ಪ ಅಮ್ಮ ಇನ್ನೂ ಬಾಗಿಲಲ್ಲಿ ಸಿಕ್ಕಿಕೊಂಡಿದ್ದರು. ಆ ಸೀಟಿಗೆ ಟವೆಲ್ ಹಾಕಿದ್ದವರು ತಾವೇ ಎದ್ದು, "ಮಗೂದೇ ಮೊದಲು ಬಂದಿದ್ದು" ಅಂತ ಬಿಟ್ಟುಕೊಟ್ಟರು.

ಈಗ ತುಂಟಾಟದ ಕಥೆ. ಆಯುಧಪೂಜೆ ದಿನ ಡಿಪೋದಲ್ಲಿ ಬಸ್ಸಿನ ಮುಂದೆ ಎರಡು ಬಾಳೆಕಂದು, ಗಾಜಿಗೆ ವಿಭೂತಿ ಪಟ್ಟೆ, ಚಕ್ರದ ಕೆಳಗೆ ನಿಂಬೆಹಣ್ಣು. ನಾನು ಸೀಟಿ ಮತ್ತು ಟಿಕೆಟ್ ಪಂಚ್ ಪೂಜೆಗೆ ಇಟ್ಟೆ. ಬಸ್ಸಿಗೆ ರಜೆ ಇಲ್ಲ, ಮಂಗಳಾರತಿ ಆದ ಕೂಡಲೇ ಎತ್ತಿಕೊಂಡು ಹೊರಡಬೇಕು. ನೋಡಿದರೆ ಸೀಟಿ ಇಲ್ಲ! ನಮ್ಮ ಡ್ರೈವರ್ ಅಣ್ಣ ಅದನ್ನು ಕಡ್ಲೆಪುರಿ ಚೀಲದೊಳಗೆ ಹಾಕಿ ಸುಮ್ಮನೆ ಸ್ಟಿಯರಿಂಗ್ ಹಿಡಿದು ಕೂತಿದ್ದರು.

ಅವತ್ತು ಇಡೀ ದಾರಿ ಬಾಯಲ್ಲೇ "ರೈಟ್ ರೈಟ್". ರಾಮನಗರ ದಾಟುವಷ್ಟರಲ್ಲಿ ಗಂಟಲು ಹೋಯಿತು. ಹಿಂದಿನ ಸೀಟಿನ ಕಾಲೇಜು ಹುಡುಗರು ಸೀಟಿ ಹೊಡೆಯಲು ಶುರು ಮಾಡಿದರು. ಚನ್ನಪಟ್ಟಣ, ಮದ್ದೂರು, ಮಂಡ್ಯ, ಪ್ರತಿ ಸ್ಟಾಪಿನಲ್ಲೂ ನಾನು ಕೈ ಎತ್ತಿದರೆ ಸಾಕು, ಇಪ್ಪತ್ತು ಸೀಟಿ ಒಟ್ಟಿಗೆ! ಮಂಡ್ಯದಲ್ಲಿ ಡ್ರೈವರ್ ಅಣ್ಣ ಪ್ರಯಾಣಿಕರಿಗೆಲ್ಲ ಕಡ್ಲೆಪುರಿ ಹಂಚಿಸಿದರು. ಚೀಲದ ತಳದಲ್ಲಿ ಒಬ್ಬ ಅಜ್ಜಿಯ ಕೈಗೆ ಸೀಟಿ ಸಿಕ್ಕಿತು. ಅಜ್ಜಿ ಅದನ್ನು ಸೆರಗಿನಿಂದ ಒರೆಸಿ, ಒಂದು ಸಲ ತಾವೇ ಊದಿ ಆಮೇಲೆ ಕೊಟ್ಟರು.

ಇಪ್ಪತ್ತಾರು ದಸರಾ ನಾನು ಮೈಸೂರಿಗೆ ಜನರನ್ನು ಕರೆದುಕೊಂಡು ಹೋಗಿದ್ದೇನೆ. 750 ಕಿಲೋ ತೂಕದ ಅಂಬಾರಿ ಹೊತ್ತ ಆನೆಯನ್ನು ಕಣ್ಣಾರೆ ನೋಡಿದ್ದು ನಿವೃತ್ತಿಯ ವರ್ಷ, ಹೆಂಡತಿಯ ಜೊತೆ. ಆ ವರ್ಷ ನಾನೂ ಕಿಟಕಿಯಿಂದ ಟವೆಲ್ ಹಾಕಿದೆ.

ಗವಿಪುರದ ಸೊಸೆ

ಅಣ್ಣಾ, ಅಜ್ಜಿ ಸೀಟಿ ಊದಿದ್ದು ಓದಿ ಮನೆಯವರಿಗೆಲ್ಲ ಓದಿ ಹೇಳಿದೆ. ನನ್ನ ಮಗಳು ಎರಡು ಸಲ ಕೇಳಿದಳು.

ಸ್ಕೂಟರ್ ಸವಾರ

ಎಲ್ಲರ ಕಥೆ ಚೆನ್ನಾಗಿದೆ. ನಡುವೆ ಒಂದು ಮಾತು. ಹೋದ ಸಲ ಹಬ್ಬದ ರಾತ್ರಿ ನಮ್ಮ ಬೀದಿ ತಿರುವಿನಲ್ಲಿ ಒಡೆದು ಬಿಟ್ಟಿದ್ದ ಬೂದುಗುಂಬಳದ ಮೇಲೆ ನನ್ನ ಸ್ಕೂಟರ್ ಜಾರಿತು. ಮೊಣಕಾಲಿಗೆ ನಾಲ್ಕು ಹೊಲಿಗೆ. ಅದರ ತಿರುಳು ಸೋಪಿನ ಹಾಗೆ ಜಾರುತ್ತದೆ, ಕುಂಕುಮದ ನೀರು ಸೇರಿದರೆ ಇನ್ನೂ ಜಾಸ್ತಿ. ದೃಷ್ಟಿ ತೆಗೆಯಿರಿ, ಒಡೆಯಿರಿ. ಐದು ನಿಮಿಷ ಬಿಟ್ಟು ಚೂರುಗಳನ್ನು ಗುಡಿಸಿ ಬದಿಗೆ ಹಾಕಿ. ನಮ್ಮ ದೃಷ್ಟಿ ಹೋಗಲಿ ಅಂತ ಒಡೆದದ್ದು ಇನ್ನೊಬ್ಬರ ಕಾಲು ಮುರಿಯಬಾರದು.

ಪೀಣ್ಯದ ಹಳೇ ಕೈ

ಖಂಡಿತ. ನಮ್ಮ ಫೋರ್ಮನ್ ಗೇಟಿನ ಒಳಗಡೆಯೇ ಒಡೆಸುತ್ತಿದ್ದರು. ಕುಂಬಳದೊಳಗಿನ ಚಿಲ್ಲರೆ ಕಾಸನ್ನು ಹುಡುಗರು ಆರಿಸಿಕೊಂಡ ಮೇಲೆ ಪೊರಕೆ ಹಿಡಿಯುವುದೂ ಅದೇ ಹುಡುಗರು. ನಿಮ್ಮ ಕಾಲು ಈಗ ಹೇಗಿದೆ?

ಸ್ಕೂಟರ್ ಸವಾರ

ಪೂರ್ತಿ ವಾಸಿ ಸರ್. ಥ್ಯಾಂಕ್ಸ್.

ಮೂರನೇ ಮಹಡಿ

ನಾನು ಸಾಫ್ಟ್‌ವೇರ್. ಆಯುಧಪೂಜೆಗೆ ನಮಗೆ ರಜೆ ಇರುವುದರಿಂದ ಆಫೀಸಿನ ಪೂಜೆ ಹಿಂದಿನ ದಿನವೇ. ಪ್ರತಿ ಲ್ಯಾಪ್‌ಟಾಪಿಗೂ ಒಂದು ಬೊಟ್ಟು, ಒಂದು ಹೂ. ನಮ್ಮ ಟೀಮಿನ ಒಬ್ಬ ಗೆಳೆಯ ಮೌಸಿಗೂ ಚಿಕ್ಕ ಮಾಲೆ ಕಟ್ಟಿದ್ದ. ಬೇರೆಯವರ ಡೆಸ್ಕಿನ ಖಾನೆಗೆ ಕಡ್ಲೆಪುರಿ ಸುರಿಯುವುದು ನಮ್ಮ ವಾಡಿಕೆ. ಯುಗಾದಿವರೆಗೂ ಪೆನ್ನು ಹುಡುಕಿದಾಗ ಪುರಿ ಸಿಗುತ್ತಿತ್ತು.

ಒಂದು ವರ್ಷ ಪೂಜೆ ಆದ ಅರ್ಧ ಗಂಟೆಗೆ ಜರ್ಮನಿಯ ಕ್ಲೈಂಟ್ ಫೋನ್ ಮಾಡಿ ಚಿಕ್ಕದೊಂದು ಬದಲಾವಣೆ ಕೇಳಿದರು. ನಮ್ಮ ಲೀಡ್ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನಮಗೆ ಅನ್ನ ಕೊಡುವ ಸಾಮಾನಿಗೆ ವರ್ಷಕ್ಕೊಮ್ಮೆ ಪೂಜೆ ಮಾಡಿ ವಿಶ್ರಾಂತಿ ಕೊಡುತ್ತೇವೆ. ಈಗ ತಾನೇ ಕೊಟ್ಟೆವು." ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ಅವರ ಅಪ್ಪ ಬಡಗಿಯಂತೆ, ಶನಿವಾರ ಸಂಜೆ ಉಳಿಗಳನ್ನೆಲ್ಲ ಎಣ್ಣೆ ಒರೆಸಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರಂತೆ, ಅದನ್ನು ಹೇಳಿದರು. ಕೆಲಸ ಸೋಮವಾರಕ್ಕೆ ಹೋಯಿತು. ಮರುವರ್ಷ ಅವರೇ ಮೊದಲು ಕೇಳಿದ್ದು, ಈ ಸಲ ಪೂಜೆ ಯಾವಾಗ, ಫೋಟೋ ಕಳಿಸಿ ಅಂತ.

ಲೆಕ್ಕದ ವೈರಿ

ನಮ್ಮ ಅಮ್ಮನ ಆಯುಧ ಹೇಳುವುದನ್ನೇ ಮರೆತೆ. ಈಳಿಗೆಮಣೆ. ಅದನ್ನೂ ತೊಳೆದು ಅರಿಶಿನ ಕುಂಕುಮ ಹಚ್ಚಿ ಇಡುತ್ತಿದ್ದರು. ಆದರೆ ಹಬ್ಬದ ಅಡುಗೆ ನಿಲ್ಲುತ್ತದೆಯೇ? ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ತರಕಾರಿ ಹೆಚ್ಚಿಡುತ್ತಿದ್ದರು. ಮರುದಿನ ಏನಾದರೂ ಬೇಕಾದರೆ ಬೀನ್ಸ್ ಕೈಯಲ್ಲಿ ಮುರಿ, ಕೊತ್ತಂಬರಿ ಕೈಯಲ್ಲಿ ಚೂರು ಮಾಡು. ಅಪ್ಪನ ಬೈಕಿಗೆ ವಿಶ್ರಾಂತಿ ಸಿಕ್ಕಿತು, ನನ್ನ ಗಣಿತಕ್ಕೂ ಸಿಕ್ಕಿತು, ಈಳಿಗೆಮಣೆಗೂ ಸಿಕ್ಕಿತು. ಅಮ್ಮನಿಗೆ ಸಿಗಲಿಲ್ಲ. ಈಗ ನಮ್ಮ ಮನೆಯಲ್ಲಿ ಆ ದಿನದ ಅಡುಗೆ ನಾನು ಮತ್ತು ತಮ್ಮ ಮಾಡುತ್ತೇವೆ. ಅಮ್ಮ ಹಾಲ್‌ನಲ್ಲಿ ಕೂತು ಉಪ್ಪು ಎಷ್ಟು ಅಂತ ಹೇಳುತ್ತಾರೆ.

ಜಾಲಹಳ್ಳಿ ಕ್ವಾರ್ಟರ್ಸ್

ತಡವಾಗಿ ನೋಡಿದೆ, ಎಲ್ಲ ಒಂದೇ ಉಸಿರಿಗೆ ಓದಿದೆ. ನನ್ನ ಅಪ್ಪ ಬೆಂಗಳೂರಿನ ಒಂದು ದೊಡ್ಡ ಸರಕಾರಿ ಕಾರ್ಖಾನೆಯಲ್ಲಿ ಮೆಷಿನಿಸ್ಟ್. ಬೆಳಿಗ್ಗೆ ಸೈರನ್ ಆದರೆ ಹೋಗುವುದು, ಸಂಜೆ ಸೈರನ್ ಆದರೆ ಬರುವುದು. ಒಳಗೆ ಏನು ಮಾಡುತ್ತಾರೆ ಅಂತ ನಮಗೆ ಗೊತ್ತಿರಲಿಲ್ಲ. ಗೇಟಿನ ಕಾವಲು ದಾಟಿ ಮನೆಯವರು ಒಳಗೆ ಹೋಗಲು ವರ್ಷಕ್ಕೆ ಒಂದೇ ದಿನ ಬಿಡುತ್ತಿದ್ದರು. ಅದು ಆಯುಧಪೂಜೆ.

ಅಮ್ಮ ರೇಷ್ಮೆ ಸೀರೆ ಉಡುತ್ತಿದ್ದರು. ನನಗೆ ಚಿಕ್ಕಪೇಟೆಯಿಂದ ತಂದ ಹೊಸ ಲಂಗ. ಶೆಡ್ಡಿನ ಉದ್ದಕ್ಕೂ ಬಣ್ಣದ ಕಾಗದದ ತೋರಣ. ಕಾಲೋನಿಯ ಜನವೆಲ್ಲ ಅಲ್ಲೇ, ಜಾತ್ರೆಯ ಹಾಗೆ. ಮಕ್ಕಳ ಕೈಯಲ್ಲಿ ಕಡ್ಲೆಪುರಿ ಪೊಟ್ಟಣ, ಮೈಸೂರುಪಾಕು. ಅಪ್ಪ ನನ್ನ ಕೈ ಹಿಡಿದು ಸೀದಾ ಒಂದು ಮೆಷಿನ್ ಹತ್ತಿರ ಕರೆದುಕೊಂಡು ಹೋದರು. ಅದಕ್ಕೆ ಮಾಲೆ ಹಾಕಿತ್ತು. "ಇದೇ ಕಣಮ್ಮ ನಂದು" ಅಂದರು. ಮನೆಯಲ್ಲಿ ಜಾಸ್ತಿ ಮಾತಾಡದ ಅಪ್ಪ ಅವತ್ತು ಅರ್ಧ ಗಂಟೆ ಮಾತಾಡಿದರು. ಈ ಚಕ್ರ ತಿರುಗಿಸಿದರೆ ಇದು ಮುಂದೆ ಬರುತ್ತದೆ, ಇಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಪೀಸು ಹೋಯಿತು. ಆ ಹಿಡಿಕೆ ಅವರ ಅಂಗೈ ತಾಗಿ ತಾಗಿ ಸವೆದು ನುಣ್ಣಗಾಗಿತ್ತು. ನನ್ನ ಕೈಯನ್ನು ಅದರ ಮೇಲೆ ಇಡಿಸಿದರು.

ಪಕ್ಕದ ಮೆಷಿನ್ನಿನ ಮಾಮ ನನ್ನನ್ನು ಕರೆದು, "ನಿಮ್ಮಪ್ಪ ಪೂಜೆಗೆ ಒಂದು ಕಳ್ಳಮಾಲು ಇಟ್ಟಿದ್ದಾನೆ, ಹುಡುಕು ನೋಡೋಣ" ಅಂದರು. ಅಪ್ಪ ನಾಚಿಕೊಂಡರು. ಡ್ರಿಲ್ ಬಿಟ್‌ಗಳ ಸಾಲಿನ ಹಿಂದೆ, ಸೇವಂತಿಗೆ ಅಡಿಯಲ್ಲಿ, ಹೆಬ್ಬೆಟ್ಟಿನಷ್ಟು ಚಿಕ್ಕ ಹಿತ್ತಾಳೆ ಬುಗುರಿ! ಗುಜರಿಗೆ ಹೋಗುವ ತುಂಡಿನಲ್ಲಿ ಊಟದ ಬಿಡುವಿನಲ್ಲಿ ಮಾಡಿದ್ದಂತೆ. ಸಾಹೇಬರನ್ನೂ ಕೇಳಿ ಒಪ್ಪಿಗೆ ತಗೊಂಡಿದ್ದರಂತೆ. ಕಳ್ಳಮಾಲು ಅಂದದ್ದು ಮಾಮನ ತುಂಟಾಟ. ಮುಟ್ಟಲು ಹೋದೆ. ಅಪ್ಪ ತಡೆದರು. "ನಾಳೆ. ಇವತ್ತು ಪೂಜೇಲಿದೆ."

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅಪ್ಪ ಎರಡು ದಿನ ಬಿಟ್ಟು, ಕಾರ್ಖಾನೆ ತೆರೆದ ಮೇಲೆ, ಟಿಫನ್ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟರು. ಅಪ್ಪ ಈಗಿಲ್ಲ. ನಾನು ಟೀಚರ್. ಪ್ರತಿ ವರ್ಷ ನನ್ನ ಪೆನ್ನು, ಸೀಮೆಸುಣ್ಣದ ಡಬ್ಬಿ ಜೊತೆ ಆ ಬುಗುರಿಯನ್ನೂ ಪೂಜೆಗೆ ಇಡುತ್ತೇನೆ.

ಪೀಣ್ಯದ ಹಳೇ ಕೈ

ಮೇಡಂ, ಏನು ಬರೆಯಲಿ ತಿಳಿಯುತ್ತಿಲ್ಲ. ಲೇತಿನ ಕೆಲಸ ಮಾಡಿದವನಾಗಿ ಒಂದೇ ಪ್ರಶ್ನೆ. ಆ ಬುಗುರಿ ಈಗಲೂ ಅಲುಗದೆ ನೇರ ನಿಂತು ತಿರುಗುತ್ತಾ?

ಜಾಲಹಳ್ಳಿ ಕ್ವಾರ್ಟರ್ಸ್

ತಿರುಗುತ್ತೆ ಸರ್. ನಿಂತೇ ಇದೆಯೇನೋ ಅನ್ನಿಸುವಷ್ಟು ನೇರ. ಪೂಜೆಯ ದಿನ ಮಾತ್ರ ತಿರುಗಿಸಲ್ಲ.